ಆಮ್ಲಜನಕಕ್ಕೂ ಅಳತೆ ಇದೆ

ಕೇಳುಗರಿಗೆ ನಮಸ್ಕಾರ. ಐಸಿಯು ಬಾಗಿಲ ಹೊರಗೆ ಬೆಂಚಿನ ಮೇಲೆ ಕಾಯುವ ಮನೆಮಂದಿಯನ್ನು ನೆನೆದು ಈ ಮಾತು. ಹೇಳುವುದು ಒಂದೇ: ಆಮ್ಲಜನಕ ಔಷಧ. ಅದಕ್ಕೂ ಅಳತೆ ಇದೆ.

ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಅಂತ ಪುಟ್ಟ ಭಾಗಗಳಿವೆ. ಉಂಡ ಅನ್ನ, ಉಸಿರಾಡಿದ ಆಮ್ಲಜನಕ ಸೇರಿ ಶಕ್ತಿ ಹುಟ್ಟುವುದು ಅಲ್ಲೇ. ಶಿರಸಿ ಕಡೆಯವರು ಅಡಿಕೆ ಬೇಯಿಸುವ ಒಲೆ ನೋಡಿದ್ದೀರಲ್ಲ, ಉರಿ ಇದ್ದಲ್ಲಿ ಕಿಡಿ ಹಾರುತ್ತದೆ. ಹಾಗೇ ಕೋಶದಲ್ಲೂ ಶಕ್ತಿಯ ಜೊತೆಗೆ, ಕೋಶವನ್ನು ಸುಡುವಂಥ ಆಮ್ಲಜನಕದ ಕಣಗಳು ಹುಟ್ಟುತ್ತವೆ, ಅವೇ ಕಿಡಿ. ಗಟ್ಟಿಮುಟ್ಟಾದ ದೇಹದಲ್ಲಿ ಗ್ಲುಟಾಥಯೋನ್‌ನಂಥ ಪದಾರ್ಥಗಳು ಆ ಕಿಡಿಯನ್ನು ಆಗಿಂದಾಗಲೇ ಆರಿಸುತ್ತವೆ. ಸೋಂಕು ಮೈಯೆಲ್ಲ ಏರಿ ಸೆಪ್ಸಿಸ್ ಆದಾಗ ಕಿಡಿ ಹೆಚ್ಚು, ಆರಿಸುವವು ಕಡಿಮೆ. ಕೋಶದ ಪೊರೆ ಹಾಳಾಗುತ್ತದೆ, ಮೂತ್ರಪಿಂಡ, ಶ್ವಾಸಕೋಶ ಸೋಲುತ್ತವೆ. ಇದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಅನ್ನುತ್ತೇವೆ. ಬೇಡದ ಆಮ್ಲಜನಕ ಸುರಿದರೆ ಕಿಡಿ ಇನ್ನಷ್ಟು.

ಅಂಕೋಲಾ ಕಡೆಯ ಮೀನುಗಾರರೊಬ್ಬರು ನ್ಯುಮೋನಿಯಾದಿಂದ ಸೆಪ್ಸಿಸ್ ಆಗಿ ನಮ್ಮಲ್ಲಿ ವೆಂಟಿಲೇಟರ್ ಮೇಲಿದ್ದರು. ಬಲೆ ಎಳೆದೆಳೆದು ಬೆರಳ ತುದಿಯೆಲ್ಲ ಒಡೆದಿತ್ತು, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕ್ಲಿಪ್ ಸರಿಯಾಗಿ ಕೂರದೆ ಕಿವಿಗೆ ಹಾಕಿದ್ದೆವು. ಮಗ ಒಳಗೆ ಬಂದಾಗಲೆಲ್ಲ ನೋಡುವುದು ಅಪ್ಪನ ಮುಖವನ್ನಲ್ಲ, ಮಾನಿಟರನ್ನು. "ಡಾಕ್ಟ್ರೆ, 95 ತೋರಿಸ್ತಾ ಅದೆ. ನೂರು ಮಾಡಿ. ದುಡ್ಡು ಎಷ್ಟಾದ್ರೂ ತರ್ತೆ." ನಾವು ಬಿಡುವ ಗಾಳಿಯಲ್ಲಿ ಆಮ್ಲಜನಕ ಶೇಕಡಾ 60ರಿಂದ 40ಕ್ಕೆ ಇಳಿಸಿದ ದಿನವಂತೂ ಅವನಿಗೆ ಸಿಟ್ಟೇ ಬಂತು, ಬಡವರೆಂದು ಕಡಿಮೆ ಮಾಡಿದರು ಎಂದುಕೊಂಡ. ಅವನನ್ನು ಹಾಸಿಗೆಯ ಬದಿಗೆ ನಿಲ್ಲಿಸಿ ಹೇಳಿದೆ: "ತಮ್ಮಾ, ಹೊರಗೆ ನೀನು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇರುವುದು 21. ಅಪ್ಪ ಆ 21ರ ಕಡೆಗೆ ನಡೀತಿದ್ದಾರೆ. ಇಳಿದಷ್ಟೂ ಒಳ್ಳೇದು." ಆಮೇಲೆ ಅವನೇ ದಿನಾ ಕೇಳತೊಡಗಿದ, "ಇವತ್ತು ಎಷ್ಟಕ್ಕೆ ಇಳೀತು?" ಅಪ್ಪ ನಡೆದುಕೊಂಡೇ ಮನೆಗೆ ಹೋದರು.

ಇನ್ನು ವಿಟಮಿನ್. ಕಿಡಿ ಆರಿಸುವ ಪದಾರ್ಥ ಕಡಿಮೆಯಾದರೆ ಸಿ ವಿಟಮಿನ್ ಚುಚ್ಚಿದರಾಯಿತಲ್ಲ ಎಂದು ವೈದ್ಯರೂ ನಂಬಿದ್ದರು. 2022ರಲ್ಲಿ ಪ್ರಕಟವಾದ ಲೊವಿಟ್ ಅಧ್ಯಯನ ಸೆಪ್ಸಿಸ್ ಆದ 870ರಷ್ಟು ಐಸಿಯು ರೋಗಿಗಳನ್ನು ನೋಡಿತು. 28ನೇ ದಿನಕ್ಕೆ ಸತ್ತವರು, ಅಂಗ ಸೋತೇ ಉಳಿದವರು ಸೇರಿ ಸಿ ವಿಟಮಿನ್ ಪಡೆದವರಲ್ಲಿ ನೂರಕ್ಕೆ 44, ಪಡೆಯದವರಲ್ಲಿ 38. ಆದ್ದರಿಂದ ದಯವಿಟ್ಟು, ಮೂಗಿನ ನಳಿಕೆಯಲ್ಲಿ ನೆಲ್ಲಿಕಾಯಿ ರಸ, ಮುರುಗಲ ಪಾನಕ ಹಾಕಿ ಎಂದು ನರ್ಸಮ್ಮನ ಹತ್ತಿರ ವಾದ ಮಾಡಬೇಡಿ. ಮನೆಗೆ ಬಂದ ಮೇಲೆ ಧಾರಾಳವಾಗಿ ಕುಡಿಸಿ.

ಸಮಯ ಆಗುತ್ತಾ ಬಂತು, ಎರಡು ಮಾತು ಬೇಗ. ಬೀಡಿಯಿಂದಲೋ ಒಲೆ ಹೊಗೆಯಿಂದಲೋ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಆದವರಿಗೆ ಆಕ್ಸಿಮೀಟರಿನಲ್ಲಿ ಸಾಮಾನ್ಯವಾಗಿ 88ರಿಂದ 92 ಇದ್ದರೆ ಸಾಕು. ಮನೆಯ ಆಮ್ಲಜನಕದ ಮಷಿನ್ ತಿರುಗಿಸಿ ನೂರು ಮಾಡಬೇಡಿ. ಇನ್ನೊಂದು, ತೋಟದ ಕಳೆಗೆ ಹೊಡೆಯುವ ಪ್ಯಾರಾಕ್ವಾಟ್. ಅದು ಶ್ವಾಸಕೋಶದಲ್ಲಿ ಇದೇ ಕಿಡಿ ಎಬ್ಬಿಸುವ ವಿಷ, ಅದಕ್ಕೆ ಮದ್ದಿಲ್ಲ, ಆಮ್ಲಜನಕ ಹೆಚ್ಚಾದರೆ ಹಾನಿಯೂ ಹೆಚ್ಚು. ಒಂದು ಗುಟುಕು ಹೋಗಿದ್ದರೂ 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಬರುವಾಗ ಆ ಡಬ್ಬಿಯನ್ನು ಲೇಬಲ್ ಸಮೇತ ತನ್ನಿ, ಏನು ಕುಡಿದರೆಂದು ನಮಗೆ ಮೊದಲೇ ಗೊತ್ತಾಗಬೇಕು. ನಮಸ್ಕಾರ.