ಬೀಸೋ ಕಲ್ಲು ಎಲ್ಲಿ ಹೋಯ್ತು?

ಕೇಳುಗರಿಗೆ ನಮಸ್ಕಾರ.

ಹಾಸನದಲ್ಲಿ ನಾನು ಹಿಂದೆ ಒಂದು ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಅಲ್ಲಿ ಮಾರಾಟಕ್ಕಿಂತ ರೆಕಾರ್ಡಿಂಗೇ ಜಾಸ್ತಿ. ಹುಡುಗರು ನೋಟ್‌ಬುಕ್ಕಿನ ಹಾಳೆ ಹರಿದು, ಹದಿನಾಲ್ಕು ಹಾಡಿನ ಪಟ್ಟಿ ಬರೆದು, ಜೊತೆಗೊಂದು ಖಾಲಿ ಕ್ಯಾಸೆಟ್ ಇಟ್ಟು ಕೊಡುತ್ತಿದ್ದರು. ನಾಳೆ ಸಂಜೆ ಬಾ ಅಂತ ಹೇಳಿ ಕಳಿಸುತ್ತಿದ್ದೆ. ಈಗ ಅಂಗಡಿ ಇಲ್ಲ. ಕ್ಯಾಸೆಟ್ ಹಾಕಿ ಕೇಳುವ ಯಂತ್ರ, ಡೆಕ್, ಅದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಜನ ಈಗಲೂ ಕ್ಯಾಸೆಟ್ ತರುತ್ತಾರೆ. ಆದರೆ ಕೆಲಸ ಉಲ್ಟಾ. ಇದರಲ್ಲಿರೋದನ್ನು ಪೆನ್‌ಡ್ರೈವಿಗೆ ಹಾಕಿಕೊಡಿ ಅಂತಾರೆ.

ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಒಬ್ಬರು ಬಂದರು. ಕೈಯಲ್ಲಿ ಬಿಸ್ಕತ್ತಿನ ತಗಡಿನ ಡಬ್ಬ. ಒಳಗೆ ಹನ್ನೊಂದು ಕ್ಯಾಸೆಟ್. ಹೆಚ್ಚಿನವು ಅವರ ತಾಯಿ ಹಾಡಿದ್ದು. ಸೋಬಾನೆ, ನಾಟಿ ಹಾಡು, ರಾಗಿ ಬೀಸುವ ಪದ. ತಾಯಿ ತೀರಿಕೊಂಡು ತುಂಬಾ ವರ್ಷವಾಗಿದೆ. "ನಮ್ಮವ್ವನ ದನಿ ಇದ್ರಲ್ ಬಿಟ್ರೆ ಇನ್ನೆಲ್ಲೂ ಇಲ್ಲ ಕಣಣ್ಣ" ಅಂದರು.

ಡಬ್ಬ ತೆಗೆದ ತಕ್ಷಣ ವಾಸನೆ ಗೊತ್ತಾಯಿತು. ಬೂಷ್ಟು. ಮಲೆನಾಡಿನ ಮಳೆ ಚಪ್ಪಲಿಯನ್ನೇ ಬಿಡಲ್ಲ, ಕ್ಯಾಸೆಟ್ ಬಿಡುತ್ತಾ? ಕಿಟಕಿಯಂಥ ಕಿಂಡಿಯಲ್ಲಿ ನೋಡಿದರೆ ಸುರುಳಿಯ ಅಂಚಿಗೆ ಬಿಳೀ ಪುಡಿ ಕೂತಿರುತ್ತದೆ. ಇಂಥದ್ದನ್ನು ನೇರ ಡೆಕ್ಕಿಗೆ ಹಾಕಬೇಡಿ. ಟೇಪಿನಿಂದ ಧ್ವನಿ ಎತ್ತುವ ಭಾಗಕ್ಕೆ ಹೆಡ್ಡು ಅನ್ನುತ್ತೇವೆ; ಬೂಷ್ಟು ಅದಕ್ಕೆ ಅಂಟುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಹೊಸ ಚಪ್ಪಲಿ ಡಬ್ಬದಲ್ಲಿ, ಬ್ಯಾಗಿನಲ್ಲಿ ಸಣ್ಣ ಸಣ್ಣ ಸಿಲಿಕಾ ಜೆಲ್ ಪೊಟ್ಟಣ ಬರುತ್ತಲ್ವಾ, ನಾನು ಅವನ್ನೆಲ್ಲ ಕೂಡಿಡುತ್ತೇನೆ. ಗಾಳಿಯಾಡದ ಡಬ್ಬದಲ್ಲಿ ಆ ಪೊಟ್ಟಣಗಳ ಜೊತೆ ಕ್ಯಾಸೆಟ್ ಇಟ್ಟು ಒಣಗಿಸಬೇಕು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಕೂತು ಮೆತ್ತಗೆ ಒರೆಸಬೇಕು. ಹೆಡ್ಡನ್ನು ಐಸೋಪ್ರೊಪೈಲ್ ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಕ್ಯಾಸೆಟ್ಟಿಗೊಂದು ಸಲ ಒರೆಸುವುದು ಇದ್ದೇ ಇದೆ.

ಇನ್ನೊಂದು ಕೆಲಸವನ್ನು ಯಾರೂ ಮಾಡುವುದಿಲ್ಲ. ಡೆಕ್ಕಿನ ಹೆಡ್ ಪಕ್ಕ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಹೆಡ್ಡು ಟೇಪಿಗೆ ಎಷ್ಟು ನೆಟ್ಟಗೆ ನಿಂತಿದೆ ಅನ್ನುವುದು ಅದರ ಮೇಲೆ. ಅವತ್ತು ರೆಕಾರ್ಡ್ ಮಾಡಿದ ಮನೆಯ ಟೇಪ್ ರೆಕಾರ್ಡರಿನ ಹೆಡ್ಡು ಒಂದು ಕೂದಲೆಳೆ ವಾಲಿದ್ದರೆ, ನನ್ನ ಡೆಕ್ಕಿನಲ್ಲಿ ಹಾಡು ಕಂಬಳಿ ಹೊದ್ದುಕೊಂಡ ಹಾಗೆ ಕೇಳುತ್ತದೆ. ಹಾಡು ಓಡುತ್ತಿರುವಾಗಲೇ ಆ ಸ್ಕ್ರೂವನ್ನು ಕಾಲು ಸುತ್ತಿಗೂ ಕಡಿಮೆ ಆಚೀಚೆ ತಿರುಗಿಸಿ. ಯಾವುದೋ ಒಂದು ಜಾಗದಲ್ಲಿ 'ಸ' ಅಕ್ಷರ ಸ್ಪಷ್ಟವಾಗಿ ಬಂದುಬಿಡುತ್ತದೆ. ಅಲ್ಲಿಗೆ ಬಿಡಿ. ಟೇಪಿನಿಂದ ಎತ್ತುವಾಗಲೇ ಕಳೆದುಹೋದದ್ದನ್ನು ಕಂಪ್ಯೂಟರ್ ತಂದುಕೊಡುವುದಿಲ್ಲ.

ಕಂಪ್ಯೂಟರಿಗೆ ಸೇರಿಸುವುದು ಕಷ್ಟವಲ್ಲ. ಡೆಕ್ಕಿನಲ್ಲಿ ಧ್ವನಿ ಹೊರಗೆ ಬರುವ ಲೈನ್ ಔಟ್ ತೂತಿನಿಂದ ಒಂದು ವೈರು, ಆ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸುವ ಯುಎಸ್‌ಬಿ ಸೌಂಡ್ ಕಾರ್ಡು, ಅಷ್ಟೇ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಬೇಡಿ, ಧ್ವನಿ ಒಡೆಯುತ್ತದೆ. ಗುಂಯ್ ಅಂತ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಆ ಗುಂಯ್ ನಮ್ಮ 50 ಹರ್ಟ್ಸಿನ ಕರೆಂಟು. ಹಾಡಿನ ಜಾಸ್ತಿ ಜೋರಿನ ಜಾಗದಲ್ಲೂ ರೆಕಾರ್ಡಿಂಗ್ ಮಟ್ಟ ಮೈನಸ್ 6 ಡೆಸಿಬೆಲ್ (ಧ್ವನಿಯ ಜೋರಿನ ಅಳತೆ) ಆಸುಪಾಸು ಇರಲಿ. ಸೊನ್ನೆ ದಾಟಿದರೆ ಧ್ವನಿಯ ಅಲೆಯ ತುದಿ ಕತ್ತರಿಸಿ ಹೋಗುತ್ತದೆ.

ನಾನು ಬಳಸುವುದು ಆಡಾಸಿಟಿ ಅನ್ನುವ ಸಾಫ್ಟ್‌ವೇರ್. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಇಬ್ಬರು ಶುರು ಮಾಡಿದ್ದು. 2000ದಲ್ಲಿ ಎಲ್ಲರಿಗೂ ಬಿಟ್ಟರು. ಅವತ್ತಿನಿಂದ ಇವತ್ತಿನವರೆಗೂ ಪುಕ್ಕಟೆ. ಸೆಕೆಂಡಿಗೆ 44,100 ಸಲ, 16 ಬಿಟ್ಟಿನಲ್ಲಿ ಧ್ವನಿಯನ್ನು ಅಳೆದು ಬರೆದಿಟ್ಟರೆ ಸಿ.ಡಿ. ಗುಣಮಟ್ಟ. ಸ್ಟೀರಿಯೋದಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ. ಆಗುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ 600 ಎಂ.ಬಿ. ಮೇಲೆ. ಜಾಗ ಹೋದರೆ ಹೋಗಲಿ. ಈ ಮೊದಲ ಪ್ರತಿಯನ್ನು ಧ್ವನಿ ಒಂದಿಷ್ಟೂ ಕಳೆಯದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಬೇರೆ ಇಟ್ಟು, ಅದನ್ನು ಮುಟ್ಟಲೇಬೇಡಿ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನೇ ಒಂದು ಎಡವಟ್ಟು ಮಾಡಿಕೊಂಡಿದ್ದೇನೆ.

ಕ್ಯಾಸೆಟ್ಟಿಗೆ ಹುಟ್ಟಿನಿಂದಲೇ ಒಂದು ಸದ್ದಿದೆ. ಬಾಣಲೆಯಲ್ಲಿ ಸಣ್ಣ ಉರಿಗೆ ಎಣ್ಣೆ ಕಾದ ಹಾಗೆ, ಸ್‌ಸ್‌ಸ್ ಅಂತ. ಹಿಸ್ ಅನ್ನುತ್ತೇವೆ. ಫಿಲಿಪ್ಸ್ ಕಂಪನಿ 1963ರಲ್ಲಿ ಈ ಕ್ಯಾಸೆಟ್ ತಂದಾಗ ಅದು ಸಂಗೀತಕ್ಕೆ ಅಂತ ಮಾಡಿದ್ದಲ್ಲ, ಮಾತು ಹಿಡಿದಿಡುವುದಕ್ಕೆ. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. ಅಷ್ಟು ಸಣ್ಣ ಜಾಗದಲ್ಲಿ, ಅಷ್ಟು ನಿಧಾನ. ಹಾಡಿನ ಜೊತೆ ಟೇಪಿನ ಕಣಗಳ ಸದ್ದೂ ಕೇಳಲೇಬೇಕು.

ಇದನ್ನು ತಗ್ಗಿಸಲು ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಇದೆ. ಹಾಡು ಇಲ್ಲದ, ಬರೀ ಗಲಾಟೆ ಇರುವ ಒಂದೆರಡು ಸೆಕೆಂಡು ಆರಿಸಿ ತೋರಿಸಬೇಕು. ನೋಡಪ್ಪ, ಇದು ಕಸ ಅಂತ. ಆಮೇಲೆ ಇಡೀ ಹಾಡು ಆರಿಸಿ, ಎಷ್ಟು ಡೆಸಿಬೆಲ್ ಇಳಿಸಬೇಕು ಅಂತ ಹೇಳಬೇಕು. ಅದು ಆ ಗುರುತಿನ ಸದ್ದನ್ನು ಎಲ್ಲ ಕಡೆ ಹುಡುಕಿ ಇಳಿಸುತ್ತದೆ.

ಆ ತಾಯಿಯ ರಾಗಿ ಬೀಸುವ ಪದಕ್ಕೆ ನಾನು ಇದನ್ನೇ ಮಾಡಿದೆ. ಅವರು ಒಂದು ಸಾಲು ಹಾಡಿ ಉಸಿರು ತೆಗೆದುಕೊಂಡ ಜಾಗ ಆರಿಸಿದೆ. 24 ಡೆಸಿಬೆಲ್ ಕೊಟ್ಟೆ. ಸಾಲದು ಅಂತ ಕೆಳಗಿನ ಗುಡುಗುಡು ಸದ್ದನ್ನೂ ಫಿಲ್ಟರ್ ಹಾಕಿ ಕತ್ತರಿಸಿದೆ. ಕೇಳಿದರೆ ಸ್ವಚ್ಛ. ನನಗೇ ಹೆಮ್ಮೆ. ಕ್ಯಾಸೆಟ್ ತಂದಿದ್ದ ಆ ತಾಯಿಯ ಮಗನನ್ನು ಕರೆಸಿ ಕೇಳಿಸಿದೆ. ಅವರು ಹೆಡ್‌ಫೋನ್ ಹಾಕಿಕೊಂಡು ಸ್ವಲ್ಪ ಹೊತ್ತು ಕೂತರು. ಮುಖ ಅರಳಲಿಲ್ಲ. ಆಮೇಲೆ ಕೇಳಿದರು, "ಕಲ್ಲೆಲ್ಲಿ ಹೋಯ್ತಣ್ಣ?"

ನನಗೆ ಮೊದಲು ಅರ್ಥವಾಗಲಿಲ್ಲ. ಆ ತಾಯಿ ಸುಮ್ನೆ ಕೂತು ಹಾಡಿದ್ದಲ್ಲ. ರಾಗಿ ಬೀಸುತ್ತಲೇ ಹಾಡಿದ್ದು. ಅವರು ಉಸಿರು ತೆಗೆದುಕೊಂಡಾಗಲೂ ಕಲ್ಲು ತಿರುಗುತ್ತಲೇ ಇತ್ತು. ನಾನು ಕಸ ಅಂತ ತೋರಿಸಿದ್ದು ಅದನ್ನೇ. ಆ ಪದಕ್ಕೆ ತಾಳ ಅಂತ ಇದ್ದದ್ದು ಕಲ್ಲೊಂದೇ. ಅದನ್ನು ತೆಗೆದ ಮೇಲೆ ದನಿಯೂ ಹಂಡೆಯೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತಿತ್ತು.

ನಾಯ್ಸ್ ರಿಡಕ್ಷನ್ ಕಿಟಕಿಯಲ್ಲೇ ರೆಸಿಡ್ಯೂ ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ, ಸಾಫ್ಟ್‌ವೇರ್ ಏನನ್ನು ತೆಗೆದು ಎಸೆಯಲು ಹೊರಟಿದೆಯೋ ಅದು ಮಾತ್ರ ಕೇಳುತ್ತದೆ. ಗುಡಿಸಿ ಹಾಕಿದ ಕಸವನ್ನು ಮೊರದಲ್ಲಿ ಕೇರಿ ನೋಡಿದ ಹಾಗೆ. ಅವತ್ತು ಇಬ್ಬರೂ ಕೂತು ಅದನ್ನು ಕೇಳಿದೆವು. ಗರ್ರ್ ಗರ್ರ್ ಅಂತ ಕಲ್ಲು, ಬಳೆ ಸದ್ದು, ಹೆಂಚಿನ ಮೇಲೆ ಮಳೆ, ನಡುವೆ ಆ ತಾಯಿಯ ದನಿಯ ಚೂರು. ಎಲ್ಲ ಅಲ್ಲಿತ್ತು. ಮೊದಲ ಪ್ರತಿ ಬೇರೆ ಇಟ್ಟಿದ್ದೆನಲ್ಲ, ಬಚಾವಾದೆ. ಮತ್ತೆ ಶುರು ಮಾಡಿದೆ. ಈ ಸಲ ಕಸದ ಗುರುತನ್ನು ಕ್ಯಾಸೆಟ್ಟಿನ ಶುರುವಿನಿಂದ ತಗೊಂಡೆ. ಅಲ್ಲಿ ರೆಕಾರ್ಡ್ ಬಟನ್ ಒತ್ತಿ, ಯಾರೂ ಇನ್ನೂ ಬಾಯಿ ತೆರೆಯದ, ಕಲ್ಲೂ ತಿರುಗದ ಎರಡು ಸೆಕೆಂಡು ಇತ್ತು. ಡೆಸಿಬೆಲ್ 6 ಸಾಕು ಅಂದೆ. ಈಗಲೂ ಅದಕ್ಕಿಂತ ಮೇಲೆ ಹೋಗುವುದು ಅಪರೂಪ.

ಶಾಸ್ತ್ರೀಯ ಸಂಗೀತದಲ್ಲೂ ಇದೇ ತೊಂದರೆ. ನಮ್ಮ ಜಿಲ್ಲೆಯ ರುದ್ರಪಟ್ಟಣ ನಿಮಗೆಲ್ಲ ಗೊತ್ತು. ಕಾವೇರಿ ದಡದ ಊರು, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಊರು. ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರ ಇದೆ. ಆ ತಂಬೂರಿಯೇ ಇಲ್ಲಿ ಸಿಕ್ಕಿಬೀಳುವುದು. ಕಛೇರಿಯ ಟೇಪಿನಲ್ಲಿ ಗಾಯಕರು ಸುಮ್ಮನಿದ್ದ ಜಾಗ ಆರಿಸಿದರೆ, ಅಲ್ಲಿ ತಂಬೂರಿ ನುಡಿಯುತ್ತಲೇ ಇರುತ್ತದೆ. ಒಂದೇ ಸಮ ಬರುವ ಸದ್ದು ಅಂದರೆ ಸಾಫ್ಟ್‌ವೇರಿಗೆ ಕಸವೇ. ಶ್ರುತಿಯನ್ನೇ ಗುಡಿಸಿ ಹಾಕುತ್ತದೆ.

ಇನ್ನು ಹಾಡು ಹಾಡಾಗಿ ತುಂಡು ಮಾಡುವ ಕೆಲಸ. ನಿಶ್ಶಬ್ದ ಇರುವ ಕಡೆ ತಾನೇ ಗುರುತು ಹಾಕಿಕೊಡುವ ಸೌಲಭ್ಯ ಇದೆ. ಸಿನಿಮಾ ಹಾಡಿನ ಕ್ಯಾಸೆಟ್ಟಿಗೆ ಚೆನ್ನಾಗಿ ನಡೆಯುತ್ತದೆ. ಅದೇ ತಾಯಿಯ ಇನ್ನೊಂದು ಪದಕ್ಕೆ ಹಾಕಿದರೆ, ಒಂದು ಪದ ಏಳು ತುಂಡಾಯಿತು. ಯಾಕೆ ಅಂತ ಕಿವಿಗೊಟ್ಟು ಕೇಳಿದೆ. ಕಲ್ಲಿನ ಬಾಯಿಗೆ ಹಿಡಿ ರಾಗಿ ಹಾಕುವಾಗಲೆಲ್ಲ ಅವರು ಕಲ್ಲು ನಿಲ್ಲಿಸಿ, ಹಾಡನ್ನೂ ನಿಲ್ಲಿಸುತ್ತಿದ್ದರು. ಸಾಫ್ಟ್‌ವೇರ್ ಹಾಡು ಮುಗೀತು ಅಂದುಕೊಂಡಿತ್ತು.

ಹಾಗಾಗಿ ನಾನು ಕೈಯಲ್ಲೇ ಗುರುತು ಹಾಕುತ್ತೇನೆ. ಹಾಡು ಶುರುವಾಗುವ ಜಾಗದಲ್ಲಿ ಕ್ಲಿಕ್ ಮಾಡಿ ಕಂಟ್ರೋಲ್ ಬಿ ಒತ್ತಿದರೆ ಕೆಳಗೆ ಒಂದು ಚೀಟಿ ಕೂರುತ್ತದೆ. ಅದರಲ್ಲೇ ಹಾಡಿನ ಹೆಸರು ಬರೆಯಬಹುದು. ಕ್ಯಾಸೆಟ್ ಪೂರ್ತಿ ಗುರುತು ಹಾಕಿ, ಕೊನೆಗೆ ಒಟ್ಟಿಗೇ ಎಕ್ಸ್‌ಪೋರ್ಟ್ ಮಾಡಿದರೆ ಚೀಟಿಗೊಂದು ಫೈಲು ಬಂದುಬಿಡುತ್ತದೆ. ಕತ್ತರಿಸಿದ ಕಡೆ ಟಿಕ್ ಅಂತ ಸದ್ದು ಬಂದರೆ, ಅಲೆ ಸೊನ್ನೆ ಗೆರೆ ದಾಟುವ ಜಾಗದಲ್ಲಿ ನೀವು ಕತ್ತರಿಸಿಲ್ಲ ಅಂತ ಅರ್ಥ. ಜಾಗ ಆರಿಸಿ ಝಡ್ ಒತ್ತಿ, ಅದೇ ಸರಿಯಾದ ಜಾಗಕ್ಕೆ ಸರಿಯುತ್ತದೆ. ಹೆಸರಿನ ಮುಂದೆ 01, 02 ಅಂತ ಹಾಕಿ. ಹೆಸರು ಕನ್ನಡದಲ್ಲೇ ಇರಲಿ ಅಂತ ನನಗೂ ಆಸೆ. ಆದರೆ ಕೆಲವು ಕಾರಿನ ಪ್ಲೇಯರುಗಳು ಕನ್ನಡ ಕಂಡರೆ ಬರೀ ಡಬ್ಬ ಡಬ್ಬ ತೋರಿಸುತ್ತವೆ.

ಎರಡು ಹಾಡಿನ ನಡುವಿನ ಮಾತುಗಳನ್ನು ಏನು ಮಾಡಬೇಕು ಅಂತ ಮಗನನ್ನೇ ಕೇಳಿದೆ. ಒಂದು ಕಡೆ ಆ ತಾಯಿ "ಆಯ್ತೇನ್ಲಾ? ನಿಲ್ಸು, ಹಾಲು ಉಕ್ಕೋಗುತ್ತೆ" ಅನ್ನುತ್ತಾರೆ. ಟಕ್ ಅಂತ ಬಟನ್ ಸದ್ದು. ಅದಕ್ಕೆ ಬೇರೆಯೇ ಫೈಲು ಮಾಡಿಸಿಕೊಂಡರು. ಹದಿಮೂರು ಅಂತ ನಂಬರು ಹಾಕಿದ್ದೇನೆ.

ಏಳನೇ ಕ್ಯಾಸೆಟ್ಟು ಊರಿನ ರಾಮಮಂದಿರದ ಭಜನೆ. ಅದರಲ್ಲಿ ಬೇರೆಯೇ ಸಮಸ್ಯೆ. ಮೊದಲ ಹಾಡು ಸರಿ ಇದೆ. ಹೋಗ್ತಾ ಹೋಗ್ತಾ ಎಲ್ಲರ ಗಂಟಲೂ ಸಣ್ಣದಾಗುತ್ತದೆ, ಕೊನೆಗೆ ಮಕ್ಕಳ ಭಜನೆ ಆಗಿಬಿಡುತ್ತದೆ. ಅವತ್ತು ಕರೆಂಟು ಇರಲಿಲ್ಲವಂತೆ. ಟೇಪ್ ರೆಕಾರ್ಡರ್ ಶೆಲ್ಲಿನಲ್ಲಿ ಓಡಿದೆ. ಶೆಲ್ಲು ಇಳಿದ ಹಾಗೆ ಟೇಪು ನಿಧಾನವಾಗಿ ಓಡಿ ರೆಕಾರ್ಡ್ ಆಗಿದೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಓಡೋಡಿ ಬರುತ್ತದೆ. ಪುಣ್ಯಕ್ಕೆ ಹಾರ್ಮೋನಿಯಂ ಇತ್ತು. ಮನುಷ್ಯರ ಶ್ರುತಿ ಏರಬಹುದು, ಹಾರ್ಮೋನಿಯಂದು ಏರಲ್ಲ. ಮೊದಲ ಹಾಡಿನಲ್ಲಿ ಶ್ರುತಿ ಹಾರ್ಮೋನಿಯಂನ ಕಪ್ಪು ಒಂದನೇ ಮನೆ. ನಾಲ್ಕನೇ ಹಾಡಿಗೆ ಬರುವಷ್ಟರಲ್ಲಿ ಬಿಳಿ ಎರಡು. ಅಂದರೆ ಅರ್ಧ ಸ್ವರ ಏರಿದೆ. ಆಡಾಸಿಟಿಯ ಚೇಂಜ್ ಸ್ಪೀಡ್‌ನಲ್ಲಿ ಆ ಹಾಡಿನ ವೇಗವನ್ನು ನೂರಕ್ಕೆ 5.6ರಷ್ಟು ಇಳಿಸಿದರೆ ಮತ್ತೆ ಕಪ್ಪು ಒಂದಕ್ಕೆ ಬರುತ್ತದೆ. ಹೀಗೆ ಒಂದೊಂದೇ ಹಾಡು, ಪಕ್ಕದಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಕೂರಿಸಿದೆ. ಮೂರು ಸಂಜೆ ಹಿಡಿಯಿತು. ಮನೆಯಲ್ಲಿ ಬೈಸಿಕೊಂಡೆ, ಅದು ಬೇರೆ ಮಾತು.

ಹತ್ತು ಕ್ಯಾಸೆಟ್ ಮುಗಿಸಿ ಪೆನ್‌ಡ್ರೈವ್ ಕೊಟ್ಟಿದ್ದೇನೆ, ಕ್ಯಾಸೆಟ್ಟುಗಳನ್ನೂ ವಾಪಸ್ ಕೊಟ್ಟಿದ್ದೇನೆ. ಎಸೆಯಬೇಡಿ, ಒಣಗಿದ ಜಾಗದಲ್ಲಿ ನಿಲ್ಲಿಸಿಡಿ ಅಂತ ಹೇಳಿದ್ದೇನೆ. ಹನ್ನೊಂದನೆಯದಕ್ಕೆ ಬೂಷ್ಟು ಜಾಸ್ತಿ. ಒಳಗೆ ರೀಲನ್ನು ಒತ್ತಿ ಹಿಡಿಯುವ ಪ್ಯಾಡೂ ಕಳಚಿ ಬಿದ್ದಿದೆ. ಅದರ ಐದು ಸ್ಕ್ರೂ ಬಿಚ್ಚಿ, ಸುರುಳಿಯನ್ನು ಒಳ್ಳೆಯದೊಂದು ಕ್ಯಾಸೆಟ್ಟಿನ ಹೊಟ್ಟೆಗೆ ದಾಟಿಸಬೇಕು. ಸದ್ಯಕ್ಕೆ ಅದು ಸಿಲಿಕಾ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಒಣಗುತ್ತಿದೆ. ಮೇಲೆ ನೀಲಿ ಶಾಯಿಯಲ್ಲಿ 'ಅವ್ವ, ನಾಟಿ' ಅಂತ ಮಾತ್ರ ಬರೆದಿದೆ. ಒಳಗೆ ಏನಿದೆಯೋ ನಾನಿನ್ನೂ ಕೇಳಿಲ್ಲ.

ನಮಸ್ಕಾರ.