ಒಳಪುಟ ತೆಗಿ, ಸ್ಕೇಲ್ ಇಡು, ಫೋಟೋ ಕಳಿಸು ಮಾರಾಯ!

ನಮಸ್ಕಾರ, ಮಾಟುಂಗದಿಂದ ಮತ್ತೆ ನಾನೇ. ಇವತ್ತು ಹಳೇ ಅಂಚೆಚೀಟಿಯ ಬಗ್ಗೆ ಮಾತಾಡ್ಲಿಕ್ಕಿತ್ತು. ಬದಿಗಿಟ್ಟೆ. ಬೆಳಿಗ್ಗೆ ಚಾ ಕುಡಿಯುವಾಗ ಡೊಂಬಿವಲಿಯ ಒಬ್ಬ ವೀಕ್ಷಕರ ಮೆಸೇಜು ಬಂತು. ಹೆಸರು ಹೇಳುವುದಿಲ್ಲ, ಪಾಪದ ಜನ. "ಅಣ್ಣಾ, ಆನ್‌ಲೈನ್ ಹರಾಜಿನಲ್ಲಿ ಆಕ್ಷನ್ ಕಾಮಿಕ್ಸ್ ಒಂದನೇ ಸಂಚಿಕೆ ಸಿಕ್ಕಿತು. 1938ರದ್ದು! ಸೂಪರ್‌ಮ್ಯಾನ್ ಕಾರು ಎತ್ತಿಕೊಂಡಿದ್ದಾನೆ, ಬೆಲೆ 10 ಸೆಂಟ್ ಅಂತ ಬರೆದುಂಟು. ಬರೀ 40 ಸಾವಿರ. ಕೊರಿಯರ್ ಬಂದ ಮೇಲೆ ನಿಮ್ಮ ಚಾನೆಲ್‌ನಲ್ಲೇ ಓಪನ್ ಮಾಡುವಾ."

ಮಾಡುವಾ ಸ್ವಾಮಿ, ಮಾಡುವಾ. ಕಣ್ಣೀರು ಒರೆಸ್ಲಿಕ್ಕೆ ಟವೆಲ್ ನಾನು ತರ್ತೇನೆ.

2024ರಲ್ಲಿ, ಸೂಪರ್‌ಮ್ಯಾನ್ ಮೊದಲ ಸಲ ಕಾಣಿಸಿಕೊಂಡ ಅದೇ ಸಂಚಿಕೆಯ ಒಂದು ಪ್ರತಿ ಅಮೆರಿಕದಲ್ಲಿ 60 ಲಕ್ಷ ಡಾಲರಿಗೆ ಹೋಗಿದೆ. ಸುಮಾರು 50 ಕೋಟಿ ರೂಪಾಯಿ. ಅದನ್ನು ನಿಮಗೆ 40 ಸಾವಿರಕ್ಕೆ, ಕೊರಿಯರ್ ಚಾರ್ಜೂ ಇಲ್ಲದೆ ಕೊಡುವ ಆ ಪುಣ್ಯಾತ್ಮ ಯಾರು? ನಾನು ಕೇಳಿದ್ದು ಒಂದೇ ಪ್ರಶ್ನೆ: "ಒಳಪುಟದ ಫೋಟೋ ನೋಡಿದ್ರಾ? ಪಕ್ಕದಲ್ಲಿ ಸ್ಕೇಲ್ ಇಟ್ಟಿದ್ದನಾ?" ಉತ್ತರ: "ಕವರ್ ಫೋಟೋ ಭಾರೀ ಕ್ಲಿಯರ್ ಉಂಟು ಅಣ್ಣಾ."

ಕವರ್ ಫೋಟೋ! ಮಂಡೆ ಬಿಸಿ ಆಗದೆ ಎಂತ ಆಗ್ತದೆ ಹೇಳಿ.

ಕತೆ ಇಷ್ಟೇ. 1974ರಲ್ಲಿ ಸೂಪರ್‌ಮ್ಯಾನ್ ಕಾಮಿಕ್ಸ್ ಅಚ್ಚು ಹಾಕುವ ಡಿಸಿ ಕಂಪನಿಯವರೇ ಆ ಸಂಚಿಕೆಯನ್ನು ಮರುಮುದ್ರಣ ಮಾಡಿದ್ರು. ಜಾಹೀರಾತು ಸಮೇತ ಒಳಗೆಲ್ಲ ಅಸಲಿಯ ಹಾಗೆಯೇ. ಮೇಲಿಂದ ಇನ್ನೊಂದು ಕವರ್ ಹಾಕಿ 'ಫೇಮಸ್ ಫಸ್ಟ್ ಎಡಿಷನ್' ಅಂತ ದೊಡ್ಡದಾಗಿ ಬರೆದ್ರು. ಅವರದ್ದೇನೂ ಮೋಸ ಇಲ್ಲ. ಮೋಸ ಮಾಡಿದ್ದು ಆ ಹೊರಗಿನ ಕವರನ್ನು ಕಿತ್ತು ಬಿಸಾಡಿ ಒಳಗಿನದ್ದನ್ನು 1938ರದ್ದು ಅಂತ ಮಾರಿದವರು. ಕಿತ್ತ ಮೇಲೆ ವ್ಯತ್ಯಾಸ ಹೇಳುವುದು ಅಳತೆ. ಅಸಲಿ ಹತ್ತೂವರೆ ಇಂಚು ಎತ್ತರ, ಇದು ಹದಿಮೂರು ದಾಟ್ತದೆ. ದಿನಪತ್ರಿಕೆ ಮಡಚಿಟ್ಟಷ್ಟು ಉಂಟು ಮಾರಾಯ್ರೆ! ಆದ್ರೆ ಮೊಬೈಲಿನಲ್ಲಿ ಎರಡೂ ಅಂಗೈ ಅಗಲವೇ. ಅದಕ್ಕೇ ಹೇಳುವುದು: ಒಳಪುಟ ತೆಗಿ, ಸ್ಕೇಲ್ ಇಡು, ಫೋಟೋ ಕಳಿಸು.

ಸ್ಪೈಡರ್‌ಮ್ಯಾನ್ ಒಂದನೇ ಸಂಚಿಕೆಗೂ ಇದೇ ಗತಿ. 1966ರಲ್ಲಿ ಗ್ರಾಮಫೋನ್ ರೆಕಾರ್ಡಿನ ಜೊತೆ ಕೊಟ್ಟ ಮರುಮುದ್ರಣ ಉಂಟು, ಅದರ ಕವರಿನಲ್ಲಿ ಬೆಲೆಯೇ ಇಲ್ಲ. ಸರಿ, ಅಮೆರಿಕ ಬಿಡಿ. ಊರಿಗೆ ಬರುವಾ.

ನಮ್ಮ ಕಾರ್ಕಳದ ಅನಂತ ಪೈಯವರ ಅಮರ ಚಿತ್ರ ಕಥೆ. (ಹೌದು, ಕಾರ್ಕಳದವರು. ಮುಂಬಯಿಯಲ್ಲಿ ಕೂತು ದೇಶಕ್ಕೇ ಕತೆ ಹೇಳಿದವರು. ಒಂದು ಲೈಕ್ ಅದಕ್ಕಾದ್ರೂ ಒತ್ತಿ.) ಆ ಹೆಸರಿನ ಪುಸ್ತಕ ಮೊದಲು ಬಂದದ್ದೇ ಕನ್ನಡದಲ್ಲಿ, 1965ರಲ್ಲಿ. ಮೊದಲ ಹತ್ತು ನಂಬರು ಆ ಕನ್ನಡ ಪುಸ್ತಕಗಳಿಗೇ ಹೋಯಿತು, ಹಾಗಾಗಿ ಇಂಗ್ಲಿಷಿನ 'ಕೃಷ್ಣ' 11ನೇ ನಂಬರು. ಮುಂದೆ ಹೊಸದಾಗಿ ನಂಬರ್ ಹಾಕಿದಾಗ ಅದೇ 'ಕೃಷ್ಣ' 501 ಆಯಿತು. 501 ಅಂತ ಉಂಟಾದ್ರೆ ಮೊದಲ ಮುದ್ರಣ ಅಲ್ಲವೇ ಅಲ್ಲ. 11 ಅಂತ ಇದ್ದ ಮಾತ್ರಕ್ಕೆ ಕುಣಿಬೇಡಿ, ಆ ನಂಬರಿನಲ್ಲೂ ಮತ್ತೆ ಮತ್ತೆ ಅಚ್ಚಾಗಿದೆ. ನಮ್ಮ ಫ್ಯಾಂಟಮ್ ಕತೆ ಬರ್ತಿದ್ದ, 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸಿನದ್ದೂ ಹಾಗೇ. ಮಾರುವವರೆಲ್ಲ ಕವರ್ ತೋರಿಸಿ "ರೇರ್, ರೇರ್" ಅಂತ ಬೊಬ್ಬೆ ಹಾಕುವುದು.

ಒಳಗೆ ಸಣ್ಣಕ್ಷರದಲ್ಲಿ ಪ್ರಕಾಶಕರ ವಿಳಾಸ ಇರ್ತದಲ್ಲ, ಅದನ್ನು ಓದಿ. ಆರಂಕಿಯ ಪಿನ್‌ಕೋಡ್ ಉಂಟಾ? ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ. ಅದಕ್ಕೆ ಮೊದಲು 'ಬಾಂಬೆ-1' ಅಂತ ಬರೀತಿದ್ರು. 400001 ಅಂತ ಅಚ್ಚಾದ ಪುಸ್ತಕ 1967ರದ್ದು ಹೇಗೆ ಆಗ್ತದೆ? ಇಂಗ್ಲಿಷ್ ಪ್ರತಿಯಲ್ಲಿ 'ಮುಂಬೈ' ಅಂತ ಇದ್ರೆ 1995ಕ್ಕಿಂತ ಹಳೆಯದು ಅಂತ ನಂಬ್ಲಿಕ್ಕೆ ಹೋಗಬೇಡಿ. ಐಎಸ್‌ಬಿಎನ್, ಅಂದ್ರೆ ಪುಸ್ತಕದ ಗುರುತಿನ ನಂಬರು, 13 ಅಂಕೆಯದ್ದಾ? ಅದು 2007ರಿಂದ ಈಚೆಯ ಪದ್ಧತಿ. ಇಮೇಲ್ ವಿಳಾಸ ಇರುವ ಇಂದ್ರಜಾಲ ಯಾರಾದ್ರೂ ಮಾರಿದ್ರೆ ನನಗೆ ಕಳಿಸಿ, ಫ್ರೇಮ್ ಹಾಕಿಸ್ತೇನೆ.

ಈಗ ಬರ್ತದೆ ವಾದ. "ಅಣ್ಣಾ, ಕಾಗದ ಹಳದಿ ಆಗಿದೆ." ಮುಂಬಯಿಯ ಒಂದು ಮಳೆಗಾಲ ಕಳೆದ್ರೆ ನನ್ನ ಮದುವೆ ಆಲ್ಬಮ್ಮೂ ಹಳದಿ ಆಗ್ತದೆ. "ಪಿನ್ನಿಗೆ ತುಕ್ಕು ಹಿಡಿದಿದೆ." ಸಮುದ್ರದ ಪಕ್ಕ ಕೂತವರು ತುಕ್ಕಿನ ಬಗ್ಗೆ ಮಾತಾಡ್ತಾರೆ! "ಮಾರುವವರ ರೇಟಿಂಗ್ 100 ಪರ್ಸೆಂಟ್." ಅವನು ಮೊನ್ನೆವರೆಗೆ ಮೊಬೈಲ್ ಕವರ್ ಮಾರಿರ್ಲಿಕ್ಕೂ ಸಾಕು. "ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ." ಆನ್‌ಲೈನಿನಲ್ಲಿ ಮಾರುವ ಎಲ್ಲರಿಗೂ ಒಬ್ಬ ಅಜ್ಜ, ಅಜ್ಜನಿಗೊಂದು ಪೆಟ್ಟಿಗೆ. ನನ್ನ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಬೀಡಿ ಮತ್ತು ಸಾಲದ ಚೀಟಿ.

ಇನ್ನೊಬ್ಬರು ಹೇಳಿದ್ರು, "ಓದ್ಲಿಕ್ಕೆ ರೀಪ್ರಿಂಟ್ ಆದ್ರೂ ಸಾಕಲ್ವಾ?" ಧಾರಾಳ ಸಾಕು! ನನ್ನ ಕಪಾಟು ತುಂಬ ಅದೇ. ಆದ್ರೆ ಓದುವುದಕ್ಕೆ ಓದುವ ಬೆಲೆ ಕೊಡಿ. ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಪುಸ್ತಕದವ ಇದ್ದಾನಲ್ಲ, ಅವನ ಹತ್ರ ಐವತ್ತು ರೂಪಾಯಿಗೆ ತಗೊಳ್ಳುವಾಗ ನಾಲ್ಕು ಸಲ ತಿರುಗಿಸಿ, ಹಾಳೆ ಎಣಿಸಿ, ಚೌಕಾಸಿ ಮಾಡಿ ಅರ್ಧ ಬೆಲೆಗೆ ಇಳಿಸ್ತೀರಿ. ಅವನು ಪಾಪ, ಬೈಯುವುದೂ ಇಲ್ಲ. ಅದೇ ನೀವು ರಾತ್ರಿ ಹನ್ನೊಂದಕ್ಕೆ, ಕೊನೆಯ ಎರಡು ನಿಮಿಷ ಬಾಕಿ ಅಂತ ಗಡಿಯಾರ ಓಡುವಾಗ, ಮುಚ್ಚಿದ ಪುಸ್ತಕಕ್ಕೆ 40 ಸಾವಿರ ಒತ್ತುತ್ತೀರಿ. ಎಂತ ಅವಸ್ಥೆ ಇದು?

ಹಾಗಾಗಿ ಕೇಳಿ. ಒಳಪುಟ ತೆಗಿ ಅನ್ನಿ. ಸ್ಕೇಲ್ ಇಡು ಅನ್ನಿ. "ಪುಸ್ತಕ ಪ್ಯಾಕ್ ಆಗಿದೆ ಸರ್" ಅಂತಾನಾ? ರೀಪ್ರಿಂಟ್! "ತೆರೆದ್ರೆ ಹಾಳಾಗ್ತದೆ ಸರ್" ಅಂತಾನಾ? ರೀಪ್ರಿಂಟ್! "ಸ್ಕೇಲ್ ಇಲ್ಲ ಸರ್"? ರೀಪ್ರಿಂಟ್, ಮತ್ತು ಅವನ ಮಕ್ಕಳು ಶಾಲೆಗೆ ಹೋಗುವುದಿಲ್ಲ! ಹೇಗೆ ಗೊತ್ತು ಅಂತ ಕೇಳಬೇಡಿ. ಗೊತ್ತುಂಟು. ನಾನು ಹೇಳ್ತಾ ಇದ್ದೇನಲ್ಲ!

ಇಗೊಳ್ಳಿ, ಮೇಲಿನ ಮನೆಯವರು ಡ್ರಿಲ್ ಶುರು ಮಾಡಿದ್ರು, ನಾನು ಇನ್ನು ಕಿರುಚಿದ್ರೂ ಪ್ರಯೋಜನ ಇಲ್ಲ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಊರಿನ ವಾಟ್ಸಾಪ್ ಗ್ರೂಪಿಗೆಲ್ಲ ಹಾಕಿ. 'ಒಳಪುಟ ತೆಗಿ' ಅಂತ ಬರೆದ ಟೀ-ಶರ್ಟಿನ ಲಿಂಕ್ ಕೆಳಗುಂಟು, ಎಕ್ಸ್‌ಎಲ್ ಮಾತ್ರ ಉಳಿದಿದೆ. ಅದು ಸೆಕೆಂಡ್ ಪ್ರಿಂಟ್. ಕಾಲರಿನ ಒಳಗೆ ಬರೆಸಿದ್ದೇನೆ, ನೋಡಿಯೇ ತಗೊಳ್ಳಿ.