ಆರ್‌ಎಕ್ಸ್ ಎಂಜಿನ್ ಬಿಚ್ಚಿದರೆ ಒಳಗೆ ಮದುವೆ ಕಾರ್ಡು!

ಟ್ಯಾಂಕು, ಸೈಲೆನ್ಸರ್, ಕಾರ್ಬೊರೇಟರ್ ಬಿಚ್ಚಿದ್ದೆಲ್ಲ ವಿಡಿಯೊದಲ್ಲಿ ಕಾಣುತ್ತಿದೆಯಲ್ಲ, ಅದನ್ನು ಹೇಳುತ್ತಾ ಕೂರಲ್ಲ. ಇದು ಚಿಕ್ಕಪ್ಪನ ಯಮಹಾ ಆರ್‌ಎಕ್ಸ್ 100. 98 ಸಿಸಿ, ಟೂ ಸ್ಟ್ರೋಕ್. 1985ರಲ್ಲಿ ಬಂತು, 1996ಕ್ಕೆ ನಿಂತೇ ಹೋಯಿತು. ಈಗ ಇದಕ್ಕೆ ಲಕ್ಷದ ಮೇಲೆ ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ನನ್ನ ಕೇಳಿದರೆ ಹುಚ್ಚು. ಎರಡೂ ಕಡೆ ಡ್ರಮ್ ಬ್ರೇಕು, ಹೆಡ್‌ಲೈಟು ಇದ್ದೂ ಇಲ್ಲದ ಹಾಗೆ. ಆ ದುಡ್ಡಿಗೆ ಹೊಸ ಗಾಡಿಯೇ ಬರುತ್ತೆ.

ರೋಗ ಏನಪ್ಪಾ ಅಂದ್ರೆ, ನೇರ ರಸ್ತೆಯಲ್ಲಿ ಕಿರುಚಿಕೊಂಡು ಓಡುತ್ತಿತ್ತು, ಚಾರ್ಮಾಡಿ ಘಾಟಿ ಹತ್ತುವಾಗ ಮಾತ್ರ ದಮ್ಮೇ ಇಲ್ಲ. ಪಿಸ್ಟನ್ ಸುತ್ತಲಿನ ರಿಂಗ್ ಹೋಗಿದೆ ಅಂದರು ಎಲ್ಲರೂ. ಹೋಗಿತ್ತು, ಸುಳ್ಳಲ್ಲ. ಪಿಸ್ಟನ್ ಪಕ್ಕದ ಈ ಗೀರಿಗೆ ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಆದರೆ ಅಸಲಿ ಕಥೆ ಬ್ಲಾಕ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್, ಎತ್ತಿದ ಮೇಲೆ ಶುರು. ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ.

ಬ್ಲಾಕಿನ ಕೆಳಗೆ ಸಂದಿ ಸೋರದಂತೆ ಹಾಕುವ ಈ ಪ್ಯಾಕಿಂಗ್ ನೋಡಿ. ಮದುವೆ ಕಾರ್ಡು! ಎಣ್ಣೆ ಕುಡಿದು ಕಪ್ಪಾಗಿದೆ, ಆದರೂ ಅಂಚಿನಲ್ಲಿ ಬಂಗಾರದ ಬಣ್ಣದಲ್ಲಿ ‘ಚಿ. ಸೌ.’ ಅಂತ ಓದಲು ಬರುತ್ತದೆ. ಹುಡುಗಿಯ ಹೆಸರು ಇರಬೇಕಾದ ಜಾಗದಲ್ಲಿ ಬೋಲ್ಟಿನ ತೂತು. ಅದೂ ಒಂದು ಪದರ ಅಲ್ಲ, ಎರಡು, ನಡುವೆ ಬಾಂಡ್ ಅಂಟು ಬೇರೆ ಮೆತ್ತಿದ್ದಾರೆ. ಹಿಂದೆ ಯಾವುದೋ ಮೆಕ್ಯಾನಿಕ್ ಕೂರಿಸಿದ್ದು. ಸುತ್ತಿಗೆಯಿಂದ ಅಂಚಿಗೆ ತಟ್ಟಿ ತಟ್ಟಿ ಕತ್ತರಿಸಿದ ಗುರುತು ಹಾಗೇ ಇದೆ.

ಪೇಪರ್ ತಾನೇ, ಏನಾಗುತ್ತೆ ಅನ್ನಬೇಡಿ. ಟೂ ಸ್ಟ್ರೋಕ್‌ನಲ್ಲಿ ಹೊಗೆ ಹೋಗುವ ಕಿಂಡಿ, ಪೆಟ್ರೋಲ್ ಬರುವ ಕಿಂಡಿ ಎರಡೂ ಬ್ಲಾಕಿನ ಗೋಡೆಯಲ್ಲೇ ಇರುತ್ತವೆ. ಕೆಳಗಿನ ಪ್ಯಾಕಿಂಗ್ ದಪ್ಪ ಆದರೆ ಬ್ಲಾಕ್ ಮೇಲೇಳುತ್ತೆ, ಕಿಂಡಿಗಳೂ ಮೇಲೇಳುತ್ತವೆ. ಪಿಸ್ಟನ್ ಇಳಿಯುವಾಗ ಹೊಗೆಯ ಕಿಂಡಿ ಬೇಗ ತೆರೆದುಕೊಳ್ಳುತ್ತೆ, ಇತ್ತ ಕಂಪ್ರೆಷನ್ನೂ, ಅಂದರೆ ಪೆಟ್ರೋಲ್-ಗಾಳಿಯನ್ನು ಅದುಮುವುದೂ, ಇಳಿಯುತ್ತೆ. ಜಾಸ್ತಿ ಸ್ಪೀಡಲ್ಲಿ ಗೊತ್ತಾಗಲ್ಲ, ಘಾಟಿಯಲ್ಲಿ ಸರಿಯಾಗಿ ಗೊತ್ತಾಗುತ್ತೆ. ಇನ್ನೊಂದು ನೋಡಿ. ಪೆಟ್ರೋಲ್, ಗಾಳಿ ಮೊದಲು ಬ್ಲಾಕಿನ ಕೆಳಗಿರುವ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಈ ಪಕ್ಕದ ದಾರಿಯಲ್ಲಿ ಮೇಲಕ್ಕೆ ಹೋಗಬೇಕು. ಕಾರ್ಡಿನ ತುದಿ ಆ ದಾರಿಗೇ ಅಡ್ಡ ಚಾಚಿದೆ! ಚಿಲ್ಲರೆ ಕಾಸಿನ ಸಾಮಾನಿಗೆ ಈ ಜುಗ್ಗತನ ಯಾಕೆ ಅಂತ. ಅಥವಾ ಭಾನುವಾರ ಅಂಗಡಿ ಮುಚ್ಚಿತ್ತೋ ಏನೋ. ದಾರಿಯಲ್ಲಿ ಗಾಡಿ ನಿಂತಿದ್ದರೆ ನಾನೇ ಆ ಮೆಕ್ಯಾನಿಕ್ಕಿಗೆ ಶಹಭಾಸ್ ಅನ್ನುತ್ತಿದ್ದೆ. ಆದರೆ ಎರಡು ಪದರ ಯಾಕಪ್ಪಾ?

ಇದು ಬೋರಿಂಗ್ ಆಗಿ, ಅಂದರೆ ಒಳಗೋಡೆ ಕೊರೆಸಿಕೊಂಡು, ಬಂದ ಬ್ಲಾಕ್. ಬೋರ್, ಅಂದರೆ ಒಳಗಿನ ಅಗಲ, 50 ಮಿ.ಮೀ. ಇದ್ದದ್ದು, ಈಗ 0.25 ದೊಡ್ಡದು. ಹೊಸ ಪಿಸ್ಟನ್ ಕೈಗೆ ಬರುವ ತನಕ ಲೇತ್ ಅಂಗಡಿಗೆ ಬ್ಲಾಕ್ ಕೊಡಬೇಡಿ. ಪಿಸ್ಟನ್ ಅಳೆದು ಬೋರ್ ಹೊಡೆಯಬೇಕು, ಮೊದಲೇ ಹೊಡೆಸಿ ಆಮೇಲೆ ಪಿಸ್ಟನ್ ಹುಡುಕುವುದಲ್ಲ.

ಹಾಂ, ಈಗ ಕಾಣುತ್ತಿರುವುದು ಫ್ರೀಜರೇ. ಬಟಾಣಿ ಪಕ್ಕದಲ್ಲಿ ಕ್ರ್ಯಾಂಕಿನ ಬೇರಿಂಗ್. ತಣ್ಣಗಾದರೆ ಒಂಚೂರು ಕುಗ್ಗುತ್ತೆ, ಬಿಸಿ ಮಾಡಿದ ಕ್ರ್ಯಾಂಕ್‌ಕೇಸಿಗೆ ಸುತ್ತಿಗೆ ಏಟಿಲ್ಲದೆ ಇಳಿಯುತ್ತೆ. ಅಮ್ಮ ಬಟಾಣಿಯನ್ನೇ ಬಿಸಾಕಿದರು, ಪ್ಲಾಸ್ಟಿಕ್ ಕವರಲ್ಲಿ ಸುತ್ತಿಟ್ಟಿದ್ದೆ ಅಂದರೂ ಕೇಳಲಿಲ್ಲ. ಅವರು ಫ್ರಿಜ್ ವಿಷಯದಲ್ಲಿ ಹಾಗೇ, ಮೊನ್ನೆ ದೊಡ್ಡಮ್ಮ ತಂದ ಉಪ್ಪಿನಕಾಯಿಗೂ ಜಾಗ ಕೊಟ್ಟಿರಲಿಲ್ಲ… ಅಯ್ಯೋ, ಸೀಲ್ ಹಾಕಿದ್ದು ಮುಗಿದೇ ಹೋಯಿತು. ಕ್ರ್ಯಾಂಕಿನ ಎರಡೂ ಕಡೆಯ ಆಯಿಲ್ ಸೀಲ್ ಹೊಸದು. ಮ್ಯಾಗ್ನೆಟ್ ಕಡೆಯದು ಸೋರಿದರೆ ಗಾಳಿ ಎಳೆದುಕೊಂಡು ಪಿಸ್ಟನ್ ಸೀಜ್ ಆಗಿ ಬ್ಲಾಕಿಗೆ ಕಚ್ಚಿಕೊಳ್ಳಬಹುದು, ಕ್ಲಚ್ ಕಡೆಯದು ಸೋರಿದರೆ ಗೇರ್ ಆಯಿಲ್ ಕುಡಿದು ಬಿಳಿ ಹೊಗೆ ಬಿಡುತ್ತೆ.

ಪಿಸ್ಟನ್ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗೆ. ರಿಂಗಿನ ಬಾಯಿ ಈ ಪುಟ್ಟ ಪಿನ್ನಿನ ಮೇಲೇ ಕೂರಬೇಕು, ಇಲ್ಲದಿದ್ದರೆ ಬ್ಲಾಕ್ ಇಳಿಸುವಾಗಲೇ ರಿಂಗ್ ಮುರಿಯುತ್ತೆ. ಪ್ಯಾಕಿಂಗ್ ಈ ಸಲ ಕಂಪನಿಯದ್ದೇ.

ಎಂಜಿನ್ನಿಗೆ ಎಣ್ಣೆ ಕೊಡುವ ಆಯಿಲ್ ಪಂಪಿನ ಗಾಳಿ ತೆಗೆದಿದ್ದೇನೆ, ಆದರೂ ಮೊದಲ ಟ್ಯಾಂಕಿಗೆ ಪೆಟ್ರೋಲಲ್ಲೇ ಸ್ವಲ್ಪ 2ಟಿ ಆಯಿಲ್ ಬೆರೆಸಿದ್ದೇನೆ. ಕಿಕ್… ಇಲ್ಲ. ಚೋಕ್ ಎಳೀತೀನಿ. ಬಂತು! ಸೌಂಡ್ ಕೇಳಿ, ಈ ಸೌಂಡಿಗೆ ಲಕ್ಷ ಕೊಡುವವರು ಪೂರ್ತಿ ಹುಚ್ಚರೇನಲ್ಲ ಬಿಡಿ. ಹೊಗೆ ಜಾಸ್ತಿಯೇ ಇದೆ, ಪಕ್ಕದ ಮನೆ ಆಂಟಿ ಈಗಷ್ಟೇ ಬಟ್ಟೆ ಹರವಿದ್ದಾರೆ, ಇತ್ತ ಕಡೆಯೇ ನೋಡ್ತಿದ್ದಾರೆ. ಆಫ್ ಮಾಡ್ತೀನಿ.